ಕರ್ನಾಟಕದ ಬೇಟೆನಾಯಿ ಪರಂಪರೆ ಮತ್ತು ಉಡುಪಿ–ಕಾರ್ಕಳ ಸೀಮೆ: ಒಂದು ಅವಲೋಕನ

ಪೀಠಿಕೆ

ಕರ್ನಾಟಕದ ಚರಿತ್ರೆಯಲ್ಲಿ ಆನೆ, ಕುದುರೆ ಮತ್ತು ಗೋವುಗಳಿಗೆ ದೊರೆತಿರುವ ಗಮನ ನಾಯಿಗೆ ದೊರೆತಿಲ್ಲ. ಆನೆ ಕುದುರೆಗಳು ಸೈನ್ಯದ ಅಂಗಗಳಾಗಿದ್ದುದರಿಂದ ಶಾಸನಗಳಲ್ಲಿಯೂ ಕಾವ್ಯಗಳಲ್ಲಿಯೂ ಮತ್ತೆ ಮತ್ತೆ ಕಾಣಿಸಿಕೊಂಡವು. ಗೋವುಗಳ ಚಿಕಿತ್ಸೆಗಾಗಿ 12ನೆಯ ಶತಮಾನದಲ್ಲಿಯೇ ಕೀರ್ತಿವರ್ಮನು ಕನ್ನಡದಲ್ಲಿ ‘ಗೋವೈದ್ಯ’ವನ್ನು ರಚಿಸಿದನು. ನಾಯಿಯ ವಿಚಾರವಾದರೋ ಹೆಚ್ಚಾಗಿ ಬೇಟೆಯ ಪ್ರಸಂಗದಲ್ಲಿ ಬಂದು, ಬೇಟೆ ಮುಗಿದೊಡನೆ ಮರೆಯಾಗುತ್ತದೆ. ಆದರೂ ಮನುಷ್ಯನೊಡನೆ ಅತಿ ದೀರ್ಘಕಾಲ ಬದುಕಿದ ಪ್ರಾಣಿಯೆಂದರೆ ನಾಯಿಯೇ. ಹೊಲವನ್ನು ಕಾಯ್ದದ್ದು, ಹಟ್ಟಿಯನ್ನು ಕಾಯ್ದದ್ದು, ಕಾಡಿನಲ್ಲಿ ಮನುಷ್ಯನ ಮೂಗು ಮತ್ತು ಕಿವಿಯಾಗಿ ದುಡಿದದ್ದು ಅದು.

ಬೇಟೆನಾಯಿಯ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಎರಡು ನಿಲ್ದಾಣಗಳಲ್ಲಿ ತಂಗುತ್ತಾರೆ. ಒಂದು, ಗಂಗ–ರಾಷ್ಟ್ರಕೂಟರ ಕಾಲದ ಆತಕೂರು ಶಾಸನ. ಇನ್ನೊಂದು, 20ನೆಯ ಶತಮಾನದ ಆರಂಭದ ಮುಧೋಳ ಸಂಸ್ಥಾನ. ಎರಡೂ ಕಡೆ ಚರಿತ್ರೆಯ ಕೇಂದ್ರದಲ್ಲಿರುವವನು ಅರಸ. ನಾಯಿಯನ್ನು ಹೆತ್ತ ಹಟ್ಟಿ, ಅದನ್ನು ಪಳಗಿಸಿದ ಕೈ, ಅದರ ಹಿಂದೆ ಓಡಿದ ಕಾಲು ಇವು ಯಾರವು ಎಂಬ ಪ್ರಶ್ನೆಯನ್ನು ನಾವು ಅಷ್ಟಾಗಿ ಕೇಳಿಲ್ಲ. ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಬಯಲುಸೀಮೆಯ ಹೆಸರಾಂತ ನಾಯಿಯನ್ನೂ, ಉಡುಪಿ, ಮಣಿಪಾಲ, ಕಾಪು ಮತ್ತು ಕಾರ್ಕಳಗಳನ್ನೊಳಗೊಂಡ ಕರಾವಳಿಯ ಹೆಸರಿಲ್ಲದ ನಾಯಿಯನ್ನೂ ಜೊತೆಯಾಗಿಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಶಾಸನ ಮತ್ತು ಗ್ರಂಥಗಳಲ್ಲಿ

ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಶಿಲಾಶಾಸನವು ಕ್ರಿ.ಶ. 949–50ರ ಕಾಲದ್ದು. ರಾಷ್ಟ್ರಕೂಟ ಮೂರನೆಯ ಕೃಷ್ಣನು ತಕ್ಕೋಲದ ಯುದ್ಧದಲ್ಲಿ ಚೋಳರನ್ನು ಸೋಲಿಸಿದ ಸಂದರ್ಭವನ್ನು ಅದು ಹೇಳುತ್ತದೆ. ಚೋಳ ರಾಜಾದಿತ್ಯನು ಆ ಯುದ್ಧದಲ್ಲಿ ಮಡಿದನು. ಕೃಷ್ಣನ ಪಕ್ಷದಲ್ಲಿ ಹೋರಾಡಿದ ಗಂಗ ಇಮ್ಮಡಿ ಬೂತುಗನ ಅನುಚರನಾದ ಮಣಲೇರನು ಅಲ್ಲಿ ಪರಾಕ್ರಮ ತೋರಿದನು. ಮೆಚ್ಚಿದ ಒಡೆಯನು ಬೇಕಾದುದನ್ನು ಬೇಡಿಕೊಳ್ಳೆಂದಾಗ ಮಣಲೇರನು ಕೇಳಿದ್ದು ‘ಕಾಳಿ’ ಎಂಬ ನಾಯಿಯನ್ನು. ಮುಂದೆ ಬೆಳತೂರಿನ ಪಶ್ಚಿಮದ ಗುಡ್ಡದಲ್ಲಿ ದೊಡ್ಡ ಹಂದಿಯೊಂದರ ಮೇಲೆ ಕಾಳಿಯನ್ನು ಬಿಟ್ಟಾಗ ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಅದರ ನೆನಪಿಗಾಗಿ ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲನ್ನು ನಿಲ್ಲಿಸಿ, ಭೂಮಿಯನ್ನು ಬಿಟ್ಟು, ದೇವಾಲಯದ ಗೊರವನು ಆ ಕಲ್ಲನ್ನು ಪೂಜಿಸದೆ ಉಣ್ಣಬಾರದೆಂದು ವಿಧಿಸಲಾಯಿತು. ಶಿಲೆಯ ಮೇಲೆ ನಾಯಿಯೂ ಹಂದಿಯೂ ಕಾದಾಡುತ್ತಿರುವ ಶಿಲ್ಪವಿದೆ.

ಈ ಶಾಸನವನ್ನು ಪ್ರಾಣಿಪ್ರೇಮದ ನಿದರ್ಶನವೆಂದು ಉಲ್ಲೇಖಿಸುವುದು ರೂಢಿ. ಆದರೆ ಅದರಿಂದ ಬೇರೆ ಕೆಲವು ಸಂಗತಿಗಳೂ ತಿಳಿದುಬರುತ್ತವೆ. ಮೊದಲನೆಯದಾಗಿ, ಬೇಟೆನಾಯಿಯು ಒಬ್ಬ ವೀರನು ಯುದ್ಧದ ಬಹುಮಾನವಾಗಿ ಕೇಳಬಹುದಾದಷ್ಟು ಬೆಲೆಯುಳ್ಳದ್ದಾಗಿತ್ತು. ಎರಡನೆಯದಾಗಿ, ಆ ನಾಯಿಗೆ ಅದರದೇ ಆದ ಹೆಸರಿತ್ತು. ಅದರ ಖ್ಯಾತಿಯು ಒಡೆಯನ ಮನೆಯಾಚೆಗೂ ಹಬ್ಬಿತ್ತು. ಮೂರನೆಯದಾಗಿ, ಅದು ಮಾಡಿದ ಕೆಲಸ ಮೊಲವನ್ನು ಓಡಿ ಹಿಡಿಯುವ ಕೆಲಸವಲ್ಲ. ಹಂದಿಯನ್ನು ಎದುರಿಸಿ ಕಚ್ಚಿ ನಿಲ್ಲಿಸುವ ಕೆಲಸ. ಇವೆರಡೂ ಬೇರೆ ಬೇರೆ ಮೈಕಟ್ಟನ್ನು, ಬೇರೆ ಬೇರೆ ಮನೋಧರ್ಮವನ್ನು ಬೇಡುತ್ತವೆ. ಕೊನೆಯದಾಗಿ, ಅರಸನ ಹೆಸರು, ವೀರನ ಹೆಸರು, ನಾಯಿಯ ಹೆಸರು ಎಲ್ಲವನ್ನೂ ಹೇಳುವ ಶಾಸನವು ಕಾಳಿಯನ್ನು ಮರಿಯಿಂದ ಸಾಕಿ ಬೆಳೆಸಿದವನ ಹೆಸರನ್ನು ಹೇಳುವುದಿಲ್ಲ. ಈ ಮೌನವು ಮುಂದಿನ ಸಾವಿರ ವರ್ಷಗಳ ಉದ್ದಕ್ಕೂ ಮುಂದುವರಿದಿದೆ.

ನಾಯಿಗೆ ಕಲ್ಲು ನಿಲ್ಲಿಸುವ ಪದ್ಧತಿ ಆತಕೂರಿಗೆ ಮಾತ್ರ ಸೀಮಿತವಾಗಿರಲಿಲ್ಲ. ತಮಿಳುನಾಡಿನ ತಿರುವಣ್ಣಾಮಲೈ ಜಿಲ್ಲೆಯ ಎಡತ್ತನೂರಿನ ವೀರಗಲ್ಲು ಪಲ್ಲವ ಮಹೇಂದ್ರವರ್ಮನ ಕಾಲದ್ದಾಗಿದ್ದು, ಒಡೆಯನೊಡನೆ ಮಡಿದ ‘ಕೋವಿವನ್’ ಎಂಬ ನಾಯಿಯನ್ನು ಸ್ಮರಿಸುತ್ತದೆ. ಆತಕೂರಿಗಿಂತ ಇದು ಸುಮಾರು ಮೂರು ಶತಮಾನಗಳಷ್ಟು ಹಿಂದಿನದು. ಅಲ್ಲಿ ತುರು ಕಾಯ್ದ ನಾಯಿ, ಇಲ್ಲಿ ಹಂದಿಯನ್ನು ಇರಿದ ನಾಯಿ ಎಂಬ ವ್ಯತ್ಯಾಸವಿದ್ದರೂ ನಾಯಿಯನ್ನು ವೀರರ ಸಾಲಿನಲ್ಲಿ ಗಣಿಸಿದ ಭಾವ ಒಂದೇ.

ಕಲ್ಯಾಣ ಚಾಲುಕ್ಯ ಮೂರನೆಯ ಸೋಮೇಶ್ವರನ (ಆಳ್ವಿಕೆ ಸು. 1126–1138) ಹೆಸರಿನಲ್ಲಿರುವ ಸಂಸ್ಕೃತ ವಿಶ್ವಕೋಶ ‘ಮಾನಸೋಲ್ಲಾಸ’ದಲ್ಲಿ ಅರಸನ ವಿನೋದಗಳನ್ನು ಹೇಳುವಾಗ ಮೃಗಯಾವಿನೋದಕ್ಕೂ ಸಾರಮೇಯವಿನೋದಕ್ಕೂ, ಎಂದರೆ ನಾಯಿಗಳ ವಿನೋದಕ್ಕೂ ಪ್ರತ್ಯೇಕ ಸ್ಥಾನ ದೊರೆತಿದೆ. ಬೇರೆ ಬೇರೆ ನಾಡುಗಳ ನಾಯಿಗಳ ಲಕ್ಷಣಗಳನ್ನು ಆ ಭಾಗವು ವಿವರಿಸುತ್ತದೆ. ನಾಡಿನಿಂದ ನಾಡಿಗೆ ನಾಯಿಯ ಗುಣ ಭಿನ್ನವೆಂಬ ಅರಿವು 12ನೆಯ ಶತಮಾನದ ಕರ್ನಾಟಕದಲ್ಲಿ ಇದ್ದಿತೆಂಬುದಕ್ಕೆ ಇದು ಆಧಾರ.

ಇದಕ್ಕೆ ಪ್ರತಿಯಾಗಿ ನಿಲ್ಲುವ ದೃಷ್ಟಿ ಜೈನ ಕಾವ್ಯಗಳಲ್ಲಿದೆ. ಜನ್ನನ ‘ಯಶೋಧರ ಚರಿತೆ’ಯಲ್ಲಿ (1209) ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಹಿಂಸೆಯ ಫಲವಾಗಿ ಯಶೋಧರನು ನವಿಲಾಗಿಯೂ ಅವನ ತಾಯಿ ಚಂದ್ರಮತಿ ನಾಯಿಯಾಗಿಯೂ ಹುಟ್ಟುತ್ತಾರೆ, ಆ ನಾಯಿಯೇ ಆ ನವಿಲನ್ನು ಕೊಲ್ಲುತ್ತದೆ. ಮುಂದೆ ಯಶೋಮತಿಯು ಮುನಿ ಸುದತ್ತನ ಮೇಲೆ ಬೇಟೆನಾಯಿಗಳನ್ನು ಛೂಬಿಟ್ಟಾಗ ಅವು ಮುನಿಯ ಸನ್ನಿಧಿಯಲ್ಲಿ ಶಾಂತವಾಗುತ್ತವೆ. ಶಾಸನದಲ್ಲಿ ವೀರನಾಗಿರುವ ಬೇಟೆನಾಯಿ ಇಲ್ಲಿ ಕರ್ಮದ ಸಂಕೇತವಾಗಿದೆ. 1432ರಲ್ಲಿ ವೀರಪಾಂಡ್ಯನು ಗೊಮ್ಮಟನನ್ನು ನಿಲ್ಲಿಸಿದ, 1586ರಲ್ಲಿ ಚತುರ್ಮುಖ ಬಸದಿ ರೂಪುಗೊಂಡ ಕಾರ್ಕಳದ ಚರಿತ್ರೆಯನ್ನು ಓದುವಾಗ ಈ ಎರಡನೆಯ ದೃಷ್ಟಿಯನ್ನು ನೆನಪಿನಲ್ಲಿಡಬೇಕು. ಅಹಿಂಸೆಯನ್ನು ಪರಮಧರ್ಮವೆಂದು ಸಾರಿದ ಅರಮನೆಯ ಆಚೆಯಲ್ಲಿಯೇ, ಘಟ್ಟದ ಬುಡದ ಕಾಡಂಚಿನಲ್ಲಿ, ಹಂದಿಯಿಂದ ಪೈರನ್ನು ಉಳಿಸಿಕೊಳ್ಳಬೇಕಾದ ಒಕ್ಕಲು ಬದುಕುತ್ತಿತ್ತು.

ಮುಧೋಳ ನಾಯಿ: ಹಟ್ಟಿಯಿಂದ ಅರಮನೆಗೆ

ಇಂದು ಕರ್ನಾಟಕದ ಬೇಟೆನಾಯಿಯೆಂದೊಡನೆ ನೆನಪಾಗುವುದು ಬಾಗಲಕೋಟೆ ಜಿಲ್ಲೆಯ ಮುಧೋಳ. ಸಣ್ಣ ತಲೆ, ಉದ್ದ ಮೂತಿ, ಆಳವಾದ ಎದೆ, ಒಳಸೇದಿದ ಹೊಟ್ಟೆ, ನೀಳ ಕಾಲುಗಳ ಈ ನಾಯಿ ನೋಟದಿಂದ ಬೇಟೆಯಾಡುವ ವರ್ಗಕ್ಕೆ ಸೇರಿದ್ದು. ಮಧ್ಯ ಏಷ್ಯ ಮತ್ತು ಅರಬ್ ನಾಡುಗಳಿಂದ ವರ್ತಕರು ಹಾಗೂ ಸೈನಿಕರೊಡನೆ ದಖ್ಖನಿಗೆ ಬಂದ ಓಟದ ನಾಯಿಗಳ ರಕ್ತ ಇದರಲ್ಲಿದೆಯೆಂಬ ಅಭಿಪ್ರಾಯವಿದೆ. ಮಹಾರಾಷ್ಟ್ರದ ಕಡೆ ಬಳಕೆಯಲ್ಲಿರುವ ‘ಕಾರವಾನ್’ ಎಂಬ ಹೆಸರು ಆ ವರ್ತಕ ತಂಡಗಳನ್ನು ನೆನಪಿಸುತ್ತದೆ.

ಮುಧೋಳದ ಅರಸ ಮಾಲೋಜಿರಾವ್ ಘೋರ್ಪಡೆ (1884–1937) ಈ ನಾಯಿಗಳನ್ನು ಗುರುತಿಸಿ, ಅರಮನೆಯಲ್ಲಿ ಆಯ್ದು ಸಾಕಿಸಿ, ಒಂದು ಜೋಡಿಯನ್ನು ಬ್ರಿಟಿಷ್ ದೊರೆ ಐದನೆಯ ಜಾರ್ಜ್‌ಗೆ ಕಾಣಿಕೆಯಾಗಿ ಕೊಟ್ಟನೆಂಬುದು ಪ್ರಸಿದ್ಧ ಸಂಗತಿ. ಊರಿನ ಹೆಸರು ನಾಯಿಗೆ ಬಂದದ್ದು ಆ ಬಳಿಕ. ಆದರೆ ಅರಸನು ಈ ನಾಯಿಗಳನ್ನು ಕಂಡದ್ದು ಎಲ್ಲಿ? ಬೇಟೆಯನ್ನೇ ಜೀವನೋಪಾಯವಾಗಿಸಿಕೊಂಡಿದ್ದ ಬೇಡ ಸಮುದಾಯದವರ ಬಳಿಯಲ್ಲಿ. ಎಂದರೆ ಅರಮನೆಯು ಈ ತಳಿಯನ್ನು ಸೃಷ್ಟಿಸಲಿಲ್ಲ. ಹಟ್ಟಿಗಳಲ್ಲಿ ಸಿದ್ಧವಾಗಿದ್ದ ತಳಿಯನ್ನು ಎತ್ತಿ ಹಿಡಿಯಿತು. ಘೋರ್ಪಡೆಯವರ ಕೊಡುಗೆ ದೊಡ್ಡದೇ. ಅವರ ಪೋಷಣೆಯಿಲ್ಲದಿದ್ದರೆ ಈ ನಾಯಿಯ ಹೆಸರು ಹೊರಜಗತ್ತಿಗೆ ತಲುಪುತ್ತಿದ್ದುದು ಸಂದೇಹ. ಆದರೆ ಆಯ್ಕೆಯ ಮೊದಲ ಕೆಲಸ, ಯಾವ ಹೆಣ್ಣಿಗೆ ಯಾವ ಗಂಡು, ಸೂಲಿನಲ್ಲಿ ಯಾವ ಮರಿಯನ್ನು ಉಳಿಸಿಕೊಳ್ಳಬೇಕೆಂಬ ತಲೆಮಾರುಗಳ ತೀರ್ಮಾನ, ಬೇಡರದು.

ಇದೇ ಮುಧೋಳ ಸೀಮೆಯ ಹಲಗಲಿಯ ಬೇಡರು 1857ರಲ್ಲಿ ಬ್ರಿಟಿಷರ ನಿಃಶಸ್ತ್ರೀಕರಣ ಕಾಯಿದೆಯನ್ನು ಧಿಕ್ಕರಿಸಿ ದಂಗೆಯೆದ್ದದ್ದು, ಊರಿಗೆ ಬೆಂಕಿ ಬಿದ್ದದ್ದು, ಹಲವರನ್ನು ಗಲ್ಲಿಗೇರಿಸಿದ್ದು ಕನ್ನಡ ನಾಡಿನ ಸ್ವಾತಂತ್ರ್ಯ ಹೋರಾಟದ ಮರೆಯಲಾಗದ ಅಧ್ಯಾಯ. ಲಾವಣಿಕಾರರು ಅದನ್ನು ಹಾಡಿ ಉಳಿಸಿದ್ದಾರೆ. ಬೇಟೆಗಾರನಿಗೆ ಆಯುಧವೆಂದರೆ ಅನ್ನ ಮತ್ತು ಮಾನ ಎರಡೂ ಆಗಿತ್ತೆಂಬುದು ಆ ದಂಗೆಯಿಂದ ಸ್ಪಷ್ಟ. 1878ರ ಶಸ್ತ್ರಾಸ್ತ್ರ ಕಾಯಿದೆ ಈ ಹಿಡಿತವನ್ನು ಇನ್ನಷ್ಟು ಬಿಗಿಗೊಳಿಸಿತು. ಕೋವಿಗೂ ಕತ್ತಿಗೂ ಪರವಾನಗಿ ಬೇಕಾದ ಕಾಲದಲ್ಲಿ ಪರವಾನಗಿ ಬೇಕಿಲ್ಲದ ಬೇಟೆಯ ಸಾಧನಗಳಲ್ಲಿ ನಾಯಿ ಒಂದು. ಬಡವನ ಬೇಟೆ ನಾಯಿಯ ಮೇಲೆ ಇನ್ನಷ್ಟು ಅವಲಂಬಿತವಾದದ್ದಕ್ಕೆ ಇದೂ ಒಂದು ಕಾರಣವಾಗಿರಬಹುದೆಂದು ಊಹಿಸಲು ಅವಕಾಶವಿದೆ.

ಇಂಗ್ಲೆಂಡಿನ ಚರಿತ್ರೆಯೊಡನೆ ಇದನ್ನು ಹೋಲಿಸಿ ನೋಡಬಹುದು. ಅಲ್ಲಿ ಶ್ರೀಮಂತರ ನಾಯಿ ಗ್ರೇಹೌಂಡ್. ಅದನ್ನು ಕುರಿ ಕಾಯುವ ನಾಯಿ ಅಥವಾ ಟೆರಿಯರ್‌ನಂತಹ ನಾಯಿಯೊಡನೆ ಕೂಡಿಸಿ ಪಡೆದ ಮಿಶ್ರ ನಾಯಿಗೆ ‘ಲರ್ಚರ್’ ಎಂದು ಹೆಸರು. ಗ್ರೇಹೌಂಡಿನ ಓಟವೂ ಕುರಿನಾಯಿಯ ಬುದ್ಧಿಯೂ ಒಂದೇ ಮೈಯಲ್ಲಿರಬೇಕೆಂಬುದು ಅದರ ಹಿಂದಿನ ಲೆಕ್ಕಾಚಾರ. ಕದ್ದು ಬೇಟೆಯಾಡುವ ಬಡವನ ಜೊತೆಗಾರನೆಂದೇ ಅದು ಪ್ರಸಿದ್ಧವಾಯಿತು. 1671ರ ಇಂಗ್ಲಿಷ್ ಬೇಟೆ ಕಾಯಿದೆಯು ವರ್ಷಕ್ಕೆ 100 ಪೌಂಡು ಉತ್ಪನ್ನದ ಸ್ವಂತ ಭೂಮಿಯಂತಹ ಅರ್ಹತೆಯಿಲ್ಲದವರು ಕೋವಿ, ಬಲೆ, ಗ್ರೇಹೌಂಡುಗಳೊಡನೆ ಲರ್ಚರ್‌ಗಳನ್ನೂ ಇಟ್ಟುಕೊಳ್ಳಬಾರದೆಂದು ನಿಷೇಧಿಸಿತು. ಅಲ್ಲಿ ಕಾನೂನು ನಾಯಿಯ ಮೇಲೆಯೇ ಕೈಯಿಟ್ಟಿತು. ಇಲ್ಲಿ ಆಯುಧದ ಮೇಲೆ. ಎರಡೂ ಕಡೆ ಪ್ರಶ್ನೆ ಒಂದೇ ಆಗಿತ್ತು: ಕಾಡಿನ ಪ್ರಾಣಿ ಯಾರಿಗೆ ಸೇರಿದ್ದು?

ಸಾಕಣೆ ಮತ್ತು ಓಟದ ಕ್ರಮ

ಬೇಟೆನಾಯಿಯನ್ನು ಸಿದ್ಧಗೊಳಿಸುವುದು ಮರಿಯ ಆಯ್ಕೆಯಿಂದ ಮೊದಲ್ಗೊಳ್ಳುವ ದೀರ್ಘ ಕೆಲಸ. ಹೆಣ್ಣುನಾಯಿ ಗಬ್ಬವಾದ ಮೇಲೆ ಸುಮಾರು 63 ದಿನಗಳಿಗೆ ಮರಿ ಹಾಕುತ್ತದೆ. ಬೇಟೆಯ ನಾಯಿಯಲ್ಲಿ ತಾಯಿಯ ಗುಣಕ್ಕೆ ತಂದೆಯ ಗುಣದಷ್ಟೇ ಬೆಲೆಯಿದೆ. ಮರಿಗಳು ಮೊದಲ ವಾರಗಳನ್ನು ಕಳೆಯುವುದು ತಾಯಿಯ ಬಳಿಯಲ್ಲಿ. ಧೈರ್ಯ, ಅಂಜಿಕೆ, ಮನುಷ್ಯನ ಬಗೆಗಿನ ವಿಶ್ವಾಸ ಇವು ಅಲ್ಲಿಯೇ ಬೇರೂರುತ್ತವೆ.

ಓಟದ ನಾಯಿಯ ಮೈಕಟ್ಟು ಒಂದು ಯಂತ್ರದಂತೆ ವರ್ತಿಸುತ್ತದೆ. ಪೂರ್ಣ ವೇಗದಲ್ಲಿ ಓಡುವಾಗ ಅದರ ಬೆನ್ನು ಬಿಲ್ಲಿನಂತೆ ಬಾಗಿ ಚಾಚುತ್ತದೆ. ಒಂದು ಸುತ್ತಿನ ಹೆಜ್ಜೆಯಲ್ಲಿ ಎರಡು ಬಾರಿ ನಾಲ್ಕೂ ಕಾಲುಗಳು ನೆಲವನ್ನು ಬಿಟ್ಟಿರುತ್ತವೆ. ಆಳವಾದ ಎದೆಯಲ್ಲಿ ದೊಡ್ಡ ಹೃದಯಕ್ಕೂ ಶ್ವಾಸಕೋಶಗಳಿಗೂ ಎಡೆಯಿದೆ. ಆದರೆ ನಾಯಿಯು ಮನುಷ್ಯನಂತೆ ಬೆವರಿ ಮೈಯನ್ನು ತಣಿಸಿಕೊಳ್ಳಲಾರದು. ಏದುಸಿರಿನಿಂದಲೇ ಬಿಸಿಯನ್ನು ಹೊರಹಾಕಬೇಕು. ಆದುದರಿಂದ ಅದರ ಓಟ ತೀವ್ರವಾದುದು, ಅಲ್ಪಕಾಲದ್ದು. ಬಯಲುಸೀಮೆಯಲ್ಲಿ ಮೊಲದ ಬೇಟೆಗೆ ಫಸಲು ಕೊಯ್ದ ಬಳಿಕದ ಚಳಿಗಾಲ, ಅದರಲ್ಲೂ ಬೆಳಗಿನ ಜಾವ, ತಕ್ಕ ಹೊತ್ತಾಗಿದ್ದುದರಲ್ಲಿ ಸಹಜ ನ್ಯಾಯವಿದೆ. ಹೊಲ ತೆರವಾಗಿ ಕಣ್ಣಿಗೆ ದೂರ ಕಾಣುತ್ತದೆ, ಎರೆಭೂಮಿ ಕಾಲಿಗೆ ಮೆತ್ತಗಿರುತ್ತದೆ, ಗಾಳಿ ತಂಪಾಗಿರುತ್ತದೆ.

ಮೊಲವು ನೇರವಾಗಿ ಓಡುವುದಿಲ್ಲ. ನಾಯಿ ಸಮೀಪಿಸಿದೊಡನೆ ಥಟ್ಟನೆ ತಿರುಗುತ್ತದೆ. ಭಾರವಾದ ನಾಯಿ ಮುಂದಕ್ಕೆ ಜಾರಿಹೋಗುತ್ತದೆ. ಆದುದರಿಂದ ಜೋಡಿ ನಾಯಿಗಳನ್ನು ಬಿಡುವುದು ಬಲ್ಲವರ ಕ್ರಮ. ಒಂದು ಅಟ್ಟಿದರೆ ಇನ್ನೊಂದು ತಿರುವನ್ನು ಕಾಯುತ್ತದೆ. ಇಂತಹ ಓಟಕ್ಕೆ ಮೈ ತುಂಬಿದ ನಾಯಿಯನ್ನು ಬಿಡಲಾಗದು. ಜೋಳದ ರೊಟ್ಟಿ ಮತ್ತು ಹಾಲು ಬಯಲುಸೀಮೆಯ ನಾಯಿಯ ವಾಡಿಕೆಯ ಆಹಾರ; ಬೇಟೆಯ ಬೆಳಿಗ್ಗೆ ಹೊಟ್ಟೆ ಹಗುರವಾಗಿರಬೇಕು. ಎಲುಬು ಬಲಿಯುವ ಮುನ್ನ, ಸುಮಾರು ಒಂದು ವರ್ಷ ತುಂಬುವ ಮುನ್ನ, ಮರಿಯನ್ನು ತೀವ್ರ ಓಟಕ್ಕೆ ಹಚ್ಚಿದರೆ ಕೀಲುಗಳು ಕೆಡುತ್ತವೆ. ಅದಕ್ಕೂ ಮೊದಲು ಒಡೆಯನ ಹಿಂದೆ ದಿನವೂ ಮೈಲಿಗಟ್ಟಲೆ ನಡೆಯುವುದೇ ಅದರ ಶಿಕ್ಷಣ. ನಡಿಗೆಯಿಂದ ಅಂಗಾಲು ಗಟ್ಟಿಯಾಗುತ್ತದೆ, ಉಸಿರು ಬೆಳೆಯುತ್ತದೆ, ಕರೆಗೆ ಮರಳುವ ಅಭ್ಯಾಸ ಕೂಡಿಬರುತ್ತದೆ. ಓಟದ ಬಳಿಕ ನಾಯಿಯನ್ನು ಮೆಲ್ಲಗೆ ನಡೆಸಿ ತಣಿಸಿದ ಮೇಲೆಯೇ ಊಟ. ಆಮೇಲೆ ಅಂಗಾಲು, ಉಗುರು, ಭುಜಗಳನ್ನು ಕೈಯಿಂದ ಮುಟ್ಟಿ ನೋಡಬೇಕು. ಇವೆಲ್ಲವೂ ಬರಹಕ್ಕೆ ಇಳಿಯದೆ ಮನೆಯಿಂದ ಮನೆಗೆ, ತಂದೆಯಿಂದ ಮಗನಿಗೆ ದಾಟಿಬಂದ ವಿದ್ಯೆ.

ಕರಾವಳಿಯ ನೆಲ ಮತ್ತು ನಾಯಿ

ಮುಧೋಳದ ಈ ನಾಯಿಯನ್ನು ಉಡುಪಿಗೆ ತಂದು ಬಿಟ್ಟರೆ ಏನಾದೀತು ಎಂದು ಯೋಚಿಸಿದರೆ ಕರಾವಳಿಯ ಬೇಟೆನಾಯಿ ಏಕೆ ಬೇರೆಯಾಗಿತ್ತೆಂಬುದು ತಿಳಿಯುತ್ತದೆ. 1997ರ ಆಗಸ್ಟ್ 25ರಂದು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ರಚನೆಯಾದ ಉಡುಪಿ ಜಿಲ್ಲೆಯ ದಕ್ಷಿಣ ಭಾಗವನ್ನು ಪಶ್ಚಿಮದಿಂದ ಪೂರ್ವಕ್ಕೆ ಮೂರು ಮೆಟ್ಟಿಲುಗಳಾಗಿ ನೋಡಬಹುದು. 1901ರ ದೀಪಸ್ತಂಭವಿರುವ ಕಾಪುವಿನಂತಹ ಕಡಲಂಚಿನಲ್ಲಿ ಮರಳು, ತೆಂಗು, ಬಯಲುಗದ್ದೆ. ಅದರ ಮೇಲೆ ಉಡುಪಿ–ಮಣಿಪಾಲದ ಮುರಕಲ್ಲಿನ ಪದವುಗಳು. 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ತೆರೆಯುವ ಮುನ್ನ ಮಣಿಪಾಲವು ಇಂತಹದೇ ಒಂದು ಬೋಳುಗುಡ್ಡವಾಗಿತ್ತು. ಅದರಾಚೆ ಕಾರ್ಕಳದ ಬಂಡೆ, ಹಾಡಿ, ಕಣಿವೆಗದ್ದೆಗಳು, ಕೊನೆಗೆ ಘಟ್ಟದ ದಟ್ಟ ಕಾಡು.

ಈ ನೆಲದಲ್ಲಿ ಕಣ್ಣಿಗೆ ದೂರ ಕಾಣುವುದಿಲ್ಲ. ನೂರು ಮಾರು ಓಡುವಷ್ಟರಲ್ಲಿ ಪ್ರಾಣಿಯು ಪೊದೆಯಲ್ಲಿ ಮರೆಯಾಗುತ್ತದೆ. ಮುರಕಲ್ಲಿನ ಒರಟು ಮೈ ಓಟದ ನಾಯಿಯ ಅಂಗಾಲನ್ನು ಹರಿಯುತ್ತದೆ; ತೆಳುಚರ್ಮವನ್ನು ಮುಳ್ಳುಕಂಟಿ ಸೀಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಡೆಬಿಡದ ಮಳೆ, ಉಂಬಳ, ಉಣ್ಣಿ. ಇಲ್ಲಿ ಬೇಕಾದುದು ವೇಗವಲ್ಲ. ಮೂಸಿ ಜಾಡು ಹಿಡಿಯುವ ಮೂಗು, ಪೊದೆಯನ್ನು ನುಗ್ಗುವ ಗಿಡ್ಡ ಗಟ್ಟಿ ಮೈ, ಹಂದಿಯನ್ನು ಸುತ್ತುಗಟ್ಟಿ ನಿಲ್ಲಿಸುವಾಗ ಕಚ್ಚದೆಯೇ ಬೊಗಳುವ ಎಚ್ಚರ, ಇವು ಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಸ್ವರ ಬೇಕು. ಮರೆಯಾದ ನಾಯಿ ಎಲ್ಲಿದೆ, ಏನನ್ನು ಕಂಡಿದೆ, ಪ್ರಾಣಿ ನಿಂತಿದೆಯೋ ಓಡುತ್ತಿದೆಯೋ ಎಂಬುದನ್ನು ಬೇಟೆಗಾರನು ಬೊಗಳಿನಿಂದಲೇ ತಿಳಿಯಬೇಕು. ಮುಧೋಳದ ನಾಯಿ ಮೌನವಾಗಿ ಓಡಿ ಗೆಲ್ಲುತ್ತದೆ. ಕರಾವಳಿಯ ನಾಯಿ ಕೂಗಿ ಗೆಲ್ಲುತ್ತದೆ.

ಇಂತಹ ನಾಯಿಗೆ ತಳಿಯ ಹೆಸರು ಬರಲಿಲ್ಲ. ಊರನಾಯಿಗಳ ಮರಿಗಳಲ್ಲಿಯೇ ಚುರುಕಾದುದನ್ನು ಆರಿಸಿ, ಹಿರಿಯ ನಾಯಿಯ ಜೊತೆ ಕಾಡಿಗೆ ಕಳುಹಿಸಿ ಕಲಿಸುವುದು ಇಲ್ಲಿನ ಕ್ರಮ. ಆಯ್ಕೆಯು ರೂಪವನ್ನು ನೋಡಿ ಆಗುತ್ತಿರಲಿಲ್ಲ, ಕೆಲಸವನ್ನು ನೋಡಿ ಆಗುತ್ತಿತ್ತು. ಬಣ್ಣ, ಕಿವಿ, ಬಾಲಗಳು ಒಂದೇ ತೆರನಾಗಿರಲಿಲ್ಲವಾದುದರಿಂದ ತಳಿಯ ದಾಖಲೆಯಲ್ಲಿ ಅದು ‘ನಾಟಿ ನಾಯಿ’ ಎಂಬ ಒಂದೇ ಮಾತಿನಲ್ಲಿ ಮುಗಿದುಹೋಯಿತು. ಹೆಸರಿಲ್ಲದುದು ಗುಣವಿಲ್ಲದುದೆಂದು ಭಾವಿಸಲು ಕಾರಣವಿಲ್ಲ.

ಬೇಟೆಗಿಂತಲೂ ಮೊದಲಿನ ಅದರ ಕೆಲಸ ಕಾವಲು. ಪೈರು ತೆನೆಬಿಟ್ಟ ಗದ್ದೆ, ಗೆಣಸಿನ ಹೊಲ, ಅಡಕೆ–ತೆಂಗಿನ ಎಳೆಯ ತೋಟ ಇವು ಕಾಡುಹಂದಿಗೆ ಪ್ರಿಯವಾದವು. ರಾತ್ರಿಯೆಲ್ಲ ಗುಡಿಸಲಿನಲ್ಲಿ ಕುಳಿತು ಗದ್ದೆ ಕಾಯುವ ಒಕ್ಕಲಿಗೆ ಕತ್ತಲಲ್ಲಿ ಹಂದಿಯ ಸುಳಿವನ್ನು ಕೊಡುವುದು ನಾಯಿ. ಘಟ್ಟದ ಬುಡದಲ್ಲಿ ಬದುಕುವ ಮಲೆಕುಡಿಯರಂತಹ ಸಮುದಾಯಗಳಿಗೆ ನಾಯಿಯು ಬೇಟೆಗೂ ಕಾವಲಿಗೂ ಒದಗುತ್ತಿತ್ತು. ಕೋಟದ ಶಿವರಾಮ ಕಾರಂತರು ‘ಕುಡಿಯರ ಕೂಸು’ (1951) ಕಾದಂಬರಿಯಲ್ಲಿ ಚಿತ್ರಿಸಿದ್ದು ಈ ಲೋಕವನ್ನೇ. ಅವರ ‘ಚೋಮನ ದುಡಿ’ಯಲ್ಲಿ (1933) ಭೂಮಿಯಿಲ್ಲದ ಚೋಮನ ಬಳಿ ಕೊನೆಯವರೆಗೆ ಉಳಿಯುವ ಜೀವಗಳಲ್ಲಿ ಬಾಡು ಎಂಬ ನಾಯಿಯೂ ಒಂದು. ಘಟ್ಟದ ಮೇಲಿನ ಮಲೆನಾಡಿನಲ್ಲಿ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯ ಗುತ್ತಿಯು ತನ್ನ ನಾಯಿ ಹುಲಿಯನಿಂದಾಗಿಯೇ ‘ನಾಯಿಗುತ್ತಿ’ಯೆನಿಸಿಕೊಳ್ಳುತ್ತಾನೆ. ಶಾಸನಗಳು ಬಿಟ್ಟ ಎಡೆಯನ್ನು ಆಧುನಿಕ ಕನ್ನಡ ಕಾದಂಬರಿ ತುಂಬಿದೆ. ನಾಯಿಯೂ ಅದನ್ನು ಸಾಕಿದ ಬಡವನೂ ಇಲ್ಲಿ ಒಟ್ಟಿಗೆ ಹೆಸರು ಪಡೆದಿದ್ದಾರೆ.

ಬೋಂಟೆ, ಕೆಡ್ಡಸ ಮತ್ತು ಪಂಜುರ್ಲಿ

ತುಳುವಿನಲ್ಲಿ ಬೇಟೆಗೆ ‘ಬೋಂಟೆ’ ಎಂದು ಹೆಸರು. ತುಳುನಾಡಿನಲ್ಲಿ ಅದು ವರ್ಷದ ಆಚರಣೆಗಳಲ್ಲಿ ಸೇರಿಹೋಗಿದೆ. ಪೊನ್ನಿ ತಿಂಗಳ ಕೊನೆಯಲ್ಲಿ, ಎಂದರೆ ಫೆಬ್ರವರಿ ಎರಡನೆಯ ವಾರದ ಸುಮಾರಿಗೆ ಬರುವ ‘ಕೆಡ್ಡಸ’ವು ಭೂಮಿತಾಯಿ ಋತುಮತಿಯಾಗುವ ಹಬ್ಬವೆಂದು ನಂಬಿಕೆ. ಆ ದಿನಗಳಲ್ಲಿ ನೆಲವನ್ನು ಉಳಬಾರದು, ಅಗೆಯಬಾರದು. ಭೂಮಿಗೆ ಎಣ್ಣೆಯನ್ನು ಅರ್ಪಿಸಲಾಗುತ್ತದೆ. ಕೃಷಿಯ ಕೆಲಸ ನಿಂತ ಈ ಬಿಡುವಿನಲ್ಲಿ ಊರಿನ ಗಂಡಸರು ಒಟ್ಟಾಗಿ ಬೋಂಟೆಗೆ ಹೋಗುವ ವಾಡಿಕೆ ಇತ್ತು. ಸೋವುವವರು ಒಂದು ಕಡೆಯಿಂದ ಗದ್ದಲವೆಬ್ಬಿಸುತ್ತಾ ಬರುವರು, ನಾಯಿಗಳು ಹಳುವನ್ನು ಹೊಕ್ಕುವವು, ಕಂಡಿಗಳಲ್ಲಿ ಕೋವಿಯವರು ಕಾಯುವರು. ಹಂದಿಯ ಕಾಟವನ್ನು ತಗ್ಗಿಸುವ ಸಾಮೂಹಿಕ ಶ್ರಮವೂ ಊರಿನ ಒಗ್ಗಟ್ಟೂ ಇದರಲ್ಲಿ ಕೂಡಿದ್ದವು.

ಬೇಟೆಯು ಹಕ್ಕಿನ ಪ್ರಶ್ನೆಯೂ ಆಗಿತ್ತೆಂಬುದಕ್ಕೆ ಪಾಡ್ದನಗಳು ಸಾಕ್ಷಿ. ಕೋಟಿ–ಚೆನ್ನಯರ ಕಥೆಯಲ್ಲಿ ಎಣ್ಮೂರು ಮತ್ತು ಪಂಜದ ಗಡಿಯಲ್ಲಿ ಕೊಂದ ಹಂದಿ ಯಾರಿಗೆ ಸೇರಬೇಕೆಂಬುದೇ ಕಲಹಕ್ಕೆ ಕಾರಣವಾಗುತ್ತದೆ. ಮುಗೇರ ವೀರರ ಪಾಡ್ದನದಲ್ಲಿಯೂ ಬೇಟೆಗೆ ದೊಡ್ಡ ಸ್ಥಾನವಿದೆ. ಬೀಡುಗಳ ಬಲ್ಲಾಳರ ಆಡಳಿತವನ್ನು ಅರಿಯಲು ನಾವು ಭೂದಾಖಲೆಗಳನ್ನು ನೋಡುತ್ತೇವೆ. ಕಾಡಿನ ಮೇಲಿನ ಅವರ ಅಧಿಕಾರವನ್ನು ಅರಿಯಲು ಇಂತಹ ಬೇಟೆಯ ಕಥನಗಳು ಸಹಾಯಕವಾಗಬಲ್ಲವು.

ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಯಾವ ಹಂದಿಯನ್ನು ನಾಯಿಗಳಿಂದ ಅಟ್ಟಿಸುತ್ತಿದ್ದರೋ ಅದೇ ಹಂದಿಯನ್ನು ಪಂಜುರ್ಲಿ ಎಂಬ ದೈವವಾಗಿ ತುಳುವರು ಆರಾಧಿಸುತ್ತಾ ಬಂದಿದ್ದಾರೆ. ಪೈರನ್ನು ಹಾಳುಮಾಡುವ ಶಕ್ತಿಯನ್ನು ಒಲಿಸಿಕೊಂಡರೆ ಅದೇ ಪೈರನ್ನು ಕಾಯುತ್ತದೆಂಬ ವಿವೇಕ ಇದರ ಹಿಂದಿದೆ. ನೆರೆಯ ಕೊಡಗಿನ ದೇವರಕಾಡುಗಳಲ್ಲಿ ಬೇಟೆಯ ದೇವನಾದ ಅಯ್ಯಪ್ಪನಿಗೆ ಮಣ್ಣಿನ ನಾಯಿಗಳನ್ನು ಹರಕೆಯಾಗಿ ಒಪ್ಪಿಸುತ್ತಾರೆ. ಉತ್ತರ ಕರ್ನಾಟಕದಲ್ಲಿ ಮೈಲಾರನ ಒಕ್ಕಲಾದ ಗೊರವರು ನಾಯಿಯಂತೆ ಬೊಗಳಿ ಸೇವೆ ಸಲ್ಲಿಸುವ ಸಂಪ್ರದಾಯವಿದೆ. ಯಕ್ಷಗಾನದ ರಂಗಸ್ಥಳದಲ್ಲಿ ಕಿರಾತನ ಪ್ರವೇಶದೊಡನೆ ಬೇಟೆಯ ಲೋಕವೇ ಇಳಿದುಬರುತ್ತದೆ. ಬೇಟೆಯವನು, ಬೇಟೆಯ ಪ್ರಾಣಿ, ಬೇಟೆಯ ನಾಯಿ ಮೂವರೂ ಪೂಜೆಯ ವೃತ್ತದೊಳಗೆ ಬಂದಿರುವುದು ನಮ್ಮ ಜನಪದ ಧರ್ಮದ ವೈಶಿಷ್ಟ್ಯ. ಬೇಟೆಗೊಂದು ಕಾಲ, ಒಂದು ಮಿತಿ, ಒಂದು ನಿಷೇಧ ಇದ್ದದ್ದು ಈ ವೃತ್ತದಿಂದಲೇ.

ಕಾನೂನು ಮತ್ತು ಪರಿವರ್ತನೆ

ಬ್ರಿಟಿಷರ ಕಾಲದಲ್ಲಿ ಮದರಾಸು ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡವು 1956ರ ನವೆಂಬರ್ 1ರಂದು ಮೈಸೂರು ರಾಜ್ಯದೊಡನೆ ಒಂದಾಯಿತು. ಅಷ್ಟರಲ್ಲಿ ಕಾಡಿನ ಮೇಲೆ ಊರಿನವರಿಗಿದ್ದ ಹಿಡಿತ ಬಹುಮಟ್ಟಿಗೆ ಅರಣ್ಯ ಇಲಾಖೆಗೆ ಸೇರಿಹೋಗಿತ್ತು. 1972ರ ವನ್ಯಜೀವಿ (ಸಂರಕ್ಷಣಾ) ಕಾಯಿದೆಯು ಬೇಟೆಯ ಚರಿತ್ರೆಯಲ್ಲಿ ನಿರ್ಣಾಯಕವಾದ ಗೆರೆ. ಕೊಲ್ಲುವುದು ಮಾತ್ರವಲ್ಲದೆ ಬೆನ್ನಟ್ಟುವುದು, ಸೋವುವುದು, ಬಲೆಯೊಡ್ಡುವುದು, ಅದಕ್ಕೆ ಯತ್ನಿಸುವುದು ಇವೂ ‘ಬೇಟೆ’ ಎಂಬ ವ್ಯಾಖ್ಯೆಯೊಳಗೆ ಬರುತ್ತವೆ. ಮೊಲವೂ ಕಾಡುಹಂದಿಯೂ ಅದರ ಅನುಸೂಚಿಗಳಲ್ಲಿವೆ. 1974ರಲ್ಲಿ ಸೋಮೇಶ್ವರ ವನ್ಯಜೀವಿಧಾಮವೂ 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನವೂ ಕಾರ್ಕಳದ ಪೂರ್ವದ ಕಾಡುಗಳನ್ನು ಒಳಗೊಂಡವು. ಈ ಕಾನೂನಿನ ಅಗತ್ಯವನ್ನು ಯಾರೂ ಅಲ್ಲಗಳೆಯಲಾರರು. ಕೋವಿಯ ಬಳಕೆ ಹೆಚ್ಚಿ, ಕಾಡು ಕುಗ್ಗಿ, ಹಬ್ಬದ ಮಿತಿಯನ್ನು ಮೀರಿ ಬೇಟೆ ನಡೆದ ಬಳಿಕ ಹಳೆಯ ಕಟ್ಟುಪಾಡುಗಳು ಪ್ರಾಣಿಗಳನ್ನು ಉಳಿಸುವ ಸ್ಥಿತಿಯಲ್ಲಿರಲಿಲ್ಲ.

ಕಾನೂನು ಬಂದ ಮೇಲೆ ಎರಡು ನಾಯಿಗಳ ದಾರಿ ಬೇರೆಯಾಯಿತು. ಹೆಸರಿದ್ದ ಮುಧೋಳ ನಾಯಿಗೆ ಹೊಸ ಕೆಲಸ ದೊರೆಯಿತು. 2005ರ ಜನವರಿ 9ರಂದು ಅಂಚೆ ಇಲಾಖೆಯು ಹೊರತಂದ ನಾಲ್ಕು ದೇಶೀ ನಾಯಿಗಳ ಅಂಚೆಚೀಟಿಗಳಲ್ಲಿ ಅದಕ್ಕೆ ಸ್ಥಾನ ಸಿಕ್ಕಿತು. ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವು ಸ್ಥಾಪಿತವಾಯಿತು. 2016ರಲ್ಲಿ ಮರಿಗಳು ಮೀರತ್‌ನ ಸೇನಾ ಕೇಂದ್ರಕ್ಕೆ ತರಬೇತಿಗಾಗಿ ಹೋದವು. 2020ರಲ್ಲಿ ಕರ್ನಾಲ್‌ನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಸಂಸ್ಥೆಯು ತಮಿಳುನಾಡಿನ ರಾಜಪಾಳಯಂ ಮತ್ತು ಚಿಪ್ಪಿಪಾರೈ ನಾಯಿಗಳೊಡನೆ ಮುಧೋಳ ನಾಯಿಯನ್ನೂ ಅಧಿಕೃತ ತಳಿಯಾಗಿ ನೋಂದಾಯಿಸಿತು. ಮುಧೋಳದ ಸುತ್ತಿನ ಅನೇಕ ಕುಟುಂಬಗಳಿಗೆ ಮರಿಗಳ ಮಾರಾಟ ಇಂದು ಆದಾಯದ ದಾರಿ.

ಕರಾವಳಿಯ ನಾಯಿಗೆ ಇಂತಹ ಆಸರೆ ದೊರೆಯಲಿಲ್ಲ. ಕೆಲಸ ನಿಂತೊಡನೆ ಆಯ್ಕೆ ನಿಂತಿತು; ಆಯ್ಕೆ ನಿಂತೊಡನೆ ಬೇಟೆನಾಯಿಯು ಊರನಾಯಿಗಳಲ್ಲಿ ಒಂದಾಗಿ ಕರಗಿತು. ಹಂದಿಯ ಹಾವಳಿಯಾದರೋ ಮುಗಿಯಲಿಲ್ಲ. ಬೆಳೆ ರಕ್ಷಣೆಗೆ ಕೋವಿಯ ಪರವಾನಗಿ ಪಡೆದ ಕೃಷಿಕರು ಇಂದಿಗೂ ಈ ಜಿಲ್ಲೆಯಲ್ಲಿದ್ದಾರೆ. ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಯಲ್ಲಿ ಒಪ್ಪಿಸಬೇಕಾದ ಅವರ ಅಳಲೂ ಪರಿಚಿತವೇ. ಕೋವಿ ಠಾಣೆಯಲ್ಲಿರುವ ರಾತ್ರಿಗಳಲ್ಲಿ ತೋಟದ ಅಂಚಿನಲ್ಲಿ ಬೊಗಳುತ್ತಿರುವುದು ಆ ಹಳೆಯ ಬೋಂಟೆಯ ನಾಯಿಯ ಸಂತತಿಯೇ ಇರಬೇಕು.

ಉಪಸಂಹಾರ

ಮೇಲಿನ ಅವಲೋಕನದಿಂದ ಕೆಲವು ಮಾತುಗಳನ್ನು ಹೇಳಬಹುದು. ಬೇಟೆನಾಯಿಯ ರೂಪವನ್ನು ನಿರ್ಧರಿಸಿದ್ದು ನೆಲ. ಅದನ್ನು ತಿದ್ದಿದ್ದು ದುಡಿಯುವ ಜನ. ಹೆಸರನ್ನು ಕೊಟ್ಟದ್ದು ಮಾತ್ರ ಅರಮನೆ. ಆತಕೂರಿನ ಕಲ್ಲಿನಲ್ಲಿಯೂ ಮುಧೋಳದ ಕಥೆಯಲ್ಲಿಯೂ ಹೆಸರು ಉಳಿದದ್ದು ಅರಸನ ಕೃಪೆಯಿಂದ. ಅಂತಹ ಕೃಪೆಯಿಲ್ಲದ ಉಡುಪಿ–ಕಾರ್ಕಳದ ನಾಯಿ ಹೆಸರಿಲ್ಲದೆಯೇ ದುಡಿದು ಹೆಸರಿಲ್ಲದೆಯೇ ಮರೆಯಾಯಿತು.

ಬೇಟೆಯನ್ನು ಮತ್ತೆ ತರಬೇಕೆಂದು ಈ ಲೇಖನವು ವಾದಿಸುವುದಿಲ್ಲ, ತರಲಾಗದು, ತರಬಾರದು. ಆದರೆ ಬೇಟೆ ಹೋದೊಡನೆ ಅದರೊಡನಿದ್ದ ಅರಿವು, ಎಂದರೆ ಮರಿಯ ಆಯ್ಕೆ, ಜಾಡಿನ ಓದು, ಬೊಗಳಿನ ಅರ್ಥ, ಗಾಯದ ಆರೈಕೆ, ನಾಯಿಯನ್ನು ಕರೆಯುತ್ತಿದ್ದ ಕೂಗುಗಳು, ಅವುಗಳಿಗೆ ಇಡುತ್ತಿದ್ದ ಹೆಸರುಗಳು, ಇವೂ ಹೋಗಬೇಕಾಗಿಲ್ಲ. 1972ಕ್ಕೆ ಮುನ್ನ ಕೆಡ್ಡಸದ ಬೋಂಟೆಯಲ್ಲಿ ಹುಡುಗರಾಗಿ ಓಡಿದವರು ಈಗ ಇಳಿವಯಸ್ಸಿನವರು. ಪಾಡ್ದನಗಳನ್ನು ಧ್ವನಿಮುದ್ರಿಸಿದ ನಮ್ಮ ವಿದ್ವಾಂಸರು ಅಷ್ಟೇ ಶ್ರದ್ಧೆಯಿಂದ ಇವರ ಮಾತನ್ನೂ ಬರೆದಿಟ್ಟುಕೊಳ್ಳುವುದು ಅವಶ್ಯ. ಒಂದು ಊರಿನಲ್ಲಿ ಹತ್ತು ಮನೆಗಳ ಹಿರಿಯರನ್ನು ಕಂಡು, ಅವರ ಮನೆಯಲ್ಲಿದ್ದ ಒಳ್ಳೆಯ ನಾಯಿಯ ಹೆಸರೇನು, ಅದು ಎಲ್ಲಿಂದ ಬಂತು, ಏನು ಬಲ್ಲುದಾಗಿತ್ತು ಎಂಬ ಮೂರು ಪ್ರಶ್ನೆಗಳನ್ನು ಕೇಳಿದರೂ ಸಾಕು, ಶಾಸನಗಳಲ್ಲಿಲ್ಲದ ಒಂದು ಚರಿತ್ರೆಯ ಮೊದಲ ಪುಟ ಸಿದ್ಧವಾಗುತ್ತದೆ. ಕಾಳಿಗೆ ಸಾವಿರ ವರ್ಷಗಳ ಹಿಂದೆ ದೊರೆತ ಕಲ್ಲು ಈ ನಾಯಿಗಳಿಗೆ ದೊರೆಯಲಾರದು. ಒಂದು ಪುಟವಾದರೂ ದೊರೆಯಲಿ.